ತಿರುವನಂತಪುರ ನೋಡಿ ಬಂದೆ: ಅಲ್ಲಿರುವುದರಲ್ಲಿ ನಮ್ಮ ಕಾಸರಗೋಡಿಗೆ ಯಾವುದನ್ನು ಕೇಳಿ ಪಡೆಯಬಹುದು?

ನೀರ್ಚಾಲಿನವ

ಮಗಳನ್ನು ಕಾಲೇಜಿಗೆ ಸೇರಿಸಲು ತಿರುವನಂತಪುರಕ್ಕೆ ಹೋಗಿದ್ದೆ. ನಮ್ಮದೇ ರಾಜ್ಯ ಕೇರಳದ ರಾಜಧಾನಿಯನ್ನು ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಆಸ್ಪತ್ರೆ, ಜವಳಿ, ಮದುವೆಯ ಚಿನ್ನ, ಮಕ್ಕಳ ಓದು, ಎಲ್ಲಕ್ಕೂ ಐವತ್ತು ಕಿಲೋಮೀಟರ್ ಆಚೆಯ ಮಂಗಳೂರಿಗೆ ಓಡುವವರು ನಾವು. ಸುಮಾರು 580 ಕಿಲೋಮೀಟರ್ ದೂರದ ರಾಜಧಾನಿ ನಮಗೆ ಪತ್ರಿಕೆಯಲ್ಲಿ ಓದಿ ಗೊತ್ತು, ಅಷ್ಟೇ. ಮಲಬಾರ್ ಎಕ್ಸ್‌ಪ್ರೆಸ್‌ಗೆ ಸಂಜೆ ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯುವುದು. 2023ರಲ್ಲಿ ವಂದೇ ಭಾರತ್ ಬಂದ ಮೇಲೆ ಎಂಟು ಗಂಟೆಯಲ್ಲಿ ತಲುಪಬಹುದು, ಟಿಕೆಟಿನ ದರ ಕೊಡುವ ಶಕ್ತಿ ಇದ್ದರೆ.

ತಂಪಾನೂರಿನಲ್ಲಿ ರೈಲಿನಿಂದ ಇಳಿದು ರಸ್ತೆ ದಾಟಿದರೆ ಎದುರಿಗೇ ಬಸ್ ನಿಲ್ದಾಣ. ನಮ್ಮಲ್ಲಿ ರೈಲು ನಿಲ್ದಾಣ ಒಂದು ಕಡೆ, ಹಳೆ ಬಸ್ ನಿಲ್ದಾಣ ಇನ್ನೊಂದು ಕಡೆ, ಹೊಸ ಬಸ್ ನಿಲ್ದಾಣ ಅದಕ್ಕೂ ಆಚೆ. ಆಟಿ ತಿಂಗಳ ಮಳೆಯಲ್ಲಿ ಬ್ಯಾಗು, ಕೊಡೆ, ವಯಸ್ಸಾದ ತಾಯಿ ಇಷ್ಟನ್ನು ಹಿಡಿದುಕೊಂಡು ಇಳಿದವನಿಗೆ ಆಟೋ ಬಿಟ್ಟರೆ ಬೇರೆ ದಾರಿಯಿಲ್ಲ.

ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಸಿಟಿ ಸರ್ಕ್ಯುಲರ್ ಬಸ್ಸು. 2021ರ ಕೊನೆಗೆ ಆರಂಭವಾದ ವ್ಯವಸ್ಥೆ. ಕೆಂಪು, ನೀಲಿ, ಹಳದಿ, ಹಸಿರು, ಹೀಗೆ ಒಂದೊಂದು ಸುತ್ತಿಗೆ ಒಂದೊಂದು ಬಣ್ಣದ ಹೆಸರು, ಜೊತೆಗೆ ಸಂಖ್ಯೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತನಾಡುತ್ತೇನೆ, ಆದರೆ ಬೋರ್ಡಿನ ಅಕ್ಷರಗಳನ್ನು ಕೂಡಿಸಿ ಓದುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ಅಲ್ಲಿ ‘ಕೆಂಪು ಸುತ್ತಿನ ಬಸ್ಸಿಗೆ ಹತ್ತಿ’ ಎಂದರು, ಹತ್ತಿದೆವು, ಇಳಿಯಬೇಕಾದಲ್ಲೇ ಇಳಿದೆವು. ಆ ನಗರದ ಒಂದು ಅಕ್ಷರವನ್ನೂ ಓದಬೇಕಾಗಲಿಲ್ಲ. ಏಳೆಂಟು ಭಾಷೆಯ ನಮ್ಮ ಪೇಟೆಗೆ ಇದು ಮೊದಲೇ ಬರಬೇಕಿತ್ತಲ್ಲವೇ?

ತಂಪಾನೂರಿನ ಇಂಡಿಯನ್ ಕಾಫಿ ಹೌಸ್ ಬಗ್ಗೆಯೂ ಹೇಳಬೇಕು. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ. ಒಳಗೆ ಮೆಟ್ಟಿಲೇ ಇಲ್ಲ, ನೆಲವೇ ಸುತ್ತುತ್ತಾ ಮೇಲೇರುತ್ತದೆ. ಹೊರಗೋಡೆಗೆ ಒತ್ತಿಕೊಂಡು ಕಟ್ಟಿದ ಮೇಜು, ಕಟ್ಟೆ. ಗೋಡೆಯ ಇಟ್ಟಿಗೆಯ ಕಿಂಡಿಗಳಿಂದ ಬೀಳುವ ಬೆಳಕು. ನೆಲ ಇಳಿಜಾರಾದರೂ ಮೇಜು ಮಾತ್ರ ನೆಟ್ಟಗೆ. ಬೀಸಣಿಗೆಯಂಥ ಗರಿಯ ಮುಂಡಾಸು ತೊಟ್ಟವರು ಆ ಏರಿನಲ್ಲಿ ಕೈತುಂಬ ತಟ್ಟೆ ಹಿಡಿದು ಸಲೀಸಾಗಿ ನಡೆಯುತ್ತಾರೆ. ಮಸಾಲೆ ದೋಸೆಯ ಒಳಗೆ ಬೀಟ್ರೂಟ್ ಇತ್ತು, ಅದು ನನ್ನ ನಾಲಿಗೆಗೆ ಒಗ್ಗಲಿಲ್ಲ. ಆದರೆ ನಾಲ್ಕು ಕಾಸು ಇಲ್ಲದ ವಿದ್ಯಾರ್ಥಿಯೂ ಹೋಗಿ ಕೂರಬಹುದಾದ ಜಾಗಕ್ಕೆ ಇಷ್ಟು ಯೋಚಿಸಿ ಕಟ್ಟಡ ಕಟ್ಟಿದ್ದಾರಲ್ಲ, ಅದು ದೊಡ್ಡದು.

ನಮ್ಮಲ್ಲಿ ಮೇಲಾದದ್ದು ಇಲ್ಲವೇ? ಖಂಡಿತ ಇದೆ. ಕಾಸರಗೋಡಿನ ಜವಳಿ ಅಂಗಡಿಯವನು ನೀವು ಬಾಯಿ ತೆರೆದ ಕೂಡಲೇ ಕನ್ನಡವೋ ತುಳುವೋ ಮಲಯಾಳವೋ ಬ್ಯಾರಿಯೋ ಕೊಂಕಣಿಯೋ ಎಂದು ಹಿಡಿದು ಅದರಲ್ಲೇ ಉತ್ತರಿಸುತ್ತಾನೆ. ರಾಜಧಾನಿಯಲ್ಲಿ ನನ್ನ ಕಾಸರಗೋಡು ಮಲಯಾಳವನ್ನೇ ಕೇಳಿ ‘ಮಂಗಳೂರಿನವರಾ?’ ಎಂದರು. ಕಾಸರಗೋಡು ಎಂದಾಗ ‘ಅಯ್ಯೋ, ಅಷ್ಟು ದೂರದಿಂದಲಾ’ ಎಂದು ಮರುಗಿದರು. ಅವರ ಮನಸ್ಸಿನಲ್ಲಿ ನಾವು ಇರುವ ದೂರ ಆಗ ಗೊತ್ತಾಯಿತು.

ನಿಮ್ಮೆಲ್ಲರ ಅನುಭವ ಹೇಳಿ. ಸುಮ್ಮನೆ ಹೊಗಳಿಕೆ ತೆಗಳಿಕೆ ಬೇಡ, ನಮ್ಮೂರಿಗೆ ತರಬಹುದಾದದ್ದು ಬೇಕು.

ಕುಂಬಳೆ ಬಿಟ್ಟು ಕಂಕನಾಡಿ

ಅಣ್ಣಾ, ಇಷ್ಟು ದೂರ ಹೋಗಿ ನೋಡಬೇಕಾಗಿರಲಿಲ್ಲ. ಮಂಗಳೂರಿನ ಸಿಟಿ ಬಸ್ಸುಗಳಿಗೆ ಮೊದಲಿನಿಂದಲೂ ನಂಬರ್ ಇದೆ. ನನ್ನ ಅಜ್ಜಿ ಅಕ್ಷರ ಕಲಿತವರಲ್ಲ. ಅಂಕಿ ಗುರುತಿಸಿ ಒಬ್ಬರೇ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಮನೆಗೆ ಬರುತ್ತಿದ್ದರು.

ನಮಗೆ ನಗರ ಅಂದರೆ ಮಂಗಳೂರೇ. ಊಟ ಒಂದೇ, ಕುಚ್ಚಲಕ್ಕಿ ಒಂದೇ, ದೈವದ ಕೋಲ, ಯಕ್ಷಗಾನದ ಆಟ, ಜಾತ್ರೆ ಎಲ್ಲ ಒಂದೇ. ಹೋಲಿಸುವುದಿದ್ದರೆ ಮಂಗಳೂರಿಗೆ ಹೋಲಿಸಿ. ತಿರುವನಂತಪುರ ಬೇರೆಯೇ ಲೋಕ.

ಮಂಜೇಶ್ವರ ಪೇಟೆ

ಮಂಗಳೂರು ನಮ್ಮದೇ ಎಂಬ ಭಾವನೆ ನನಗೂ ಇದೆ. ಆದರೆ 2020ರ ಮಾರ್ಚ್ ಕೊನೆಯ ದಿನಗಳನ್ನು ಮರೆಯಲು ಸಾಧ್ಯವೇ? ಗಡಿಯ ತಲಪಾಡಿಯಲ್ಲಿ ತಡೆ ಬಿತ್ತು, ಒಳದಾರಿಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್‌ಗೆ ವಾರವಾರವೂ ಹೋಗುತ್ತಿದ್ದವರು ಗಡಿಯ ಈಚೆಯೇ ಉಳಿದರು. ಆಸ್ಪತ್ರೆಗೆ ತಲುಪಲಾಗದೆ ಸತ್ತವರಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನನ್ನ ಮನೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಅರ್ಧ ಗಂಟೆಯ ದಾರಿ, ಆ ದಿನಗಳಲ್ಲಿ ಅದು ಪರದೇಶವಾಗಿತ್ತು.

ಅವತ್ತಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಮಂಗಳೂರು ಬೇಕು, ಅಲ್ಲಿ ನಮ್ಮ ನೆಂಟರಿದ್ದಾರೆ, ಬದುಕಿದೆ. ಆದರೆ ಅಲ್ಲಿ ಇದೆ ಎನ್ನುವ ನೆಪದಲ್ಲಿ ಇಲ್ಲಿ ಬೇಡ ಎನ್ನುವುದನ್ನು ನಾವು ನಿಲ್ಲಿಸಬೇಕು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಅದರ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಬೇಕಾದರೆ ಕೋವಿಡ್ ಬರಬೇಕಾಯಿತು. ತಿರುವನಂತಪುರದಲ್ಲಿ ಮೆಡಿಕಲ್ ಕಾಲೇಜು ಆರಂಭವಾದದ್ದು 1951ರಲ್ಲಿ. ಹೋಲಿಸುವುದಾದರೆ ಇದನ್ನು ಹೋಲಿಸಿ.

ಎಣ್ಮಕಜೆ ಗುಡ್ಡೆ

ನೀರ್ಚಾಲಿನವರೇ, ನೀವು ಕಂಡ ರಾಜಧಾನಿ ಒಂದು, ನಮ್ಮ ಊರಿನ ತಾಯಂದಿರು ಕಂಡ ರಾಜಧಾನಿ ಇನ್ನೊಂದು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು, 2000ದವರೆಗೂ ಸುರಿದರು. ಹುಟ್ಟಿದಂದಿನಿಂದ ಹಾಸಿಗೆಯಲ್ಲೇ ಇರುವ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ರಾತ್ರಿಯ ರೈಲಿನಲ್ಲಿ ಹೋಗಿ ಸೆಕ್ರೆಟರಿಯೇಟಿನ ಎದುರು ಕೂತರು. 2016ರಲ್ಲಿ ಕೂತರು, 2019ರಲ್ಲಿ ಮತ್ತೆ ಕೂತರು. ನಡುವೆ, 2017ರಲ್ಲಿ, ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟೇ ಹೇಳಿತ್ತು.

ಸ್ಟ್ಯಾಚ್ಯೂ ಜಂಕ್ಷನ್ನಿನ ಆ ಪಾದಚಾರಿ ದಾರಿಯಲ್ಲಿ ಬಟ್ಟೆ ಹಾಸಿ, ಬಿಸಿಲಿಗೆ ಕೊಡೆ ಹಿಡಿದು ಮಗುವಿಗೆ ಗಂಜಿ ಕುಡಿಸುತ್ತಿದ್ದ ನನ್ನ ಚಿಕ್ಕಮ್ಮನನ್ನು ನಾನು ನೋಡಿದ್ದೇನೆ. ಅಲ್ಲಿನ ಜನ ನೀರು ತಂದುಕೊಟ್ಟರು, ಊಟ ತಂದರು, ಪಕ್ಕದಲ್ಲಿ ಬಂದು ಕೂತರು. ಆ ಊರಿನವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಲಗಿದಲ್ಲಿಂದ ಏಳಲಾಗದ ಮಗುವಿನ ಮನೆಯವರು ನ್ಯಾಯ ಕೇಳಲು ರಾಜ್ಯದ ಈ ತುದಿಯಿಂದ ಆ ತುದಿಗೆ ಹೋಗಬೇಕು ಎಂಬುದರ ಮೇಲೆ ಸಿಟ್ಟಿದೆ. ಬಸ್ಸಿನ ಬಣ್ಣಕ್ಕಿಂತ ಮೊದಲು ನಮಗೆ ನರರೋಗ ತಜ್ಞರು ಬೇಕು, ವಾರದ ಎಲ್ಲ ದಿನ.

ನೀರ್ಚಾಲಿನವ

ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆಸ್ಪತ್ರೆ ಮೊದಲು. ಆದರೆ ಎರಡನ್ನೂ ಕೇಳೋಣ. ಉಕ್ಕಿನಡ್ಕಕ್ಕೆ ವೈದ್ಯರು ಬಂದರೂ ಅಲ್ಲಿಗೆ ಹೋಗುವ ಬಸ್ಸಿನ ಬೋರ್ಡು ಓದಲು ಬಾರದಿದ್ದರೆ ಅಜ್ಜಿ ಮತ್ತೆ ಮೊಮ್ಮಗನನ್ನು ಕಾಯಬೇಕು.

ಹೊಸದುರ್ಗ ಕೋಟೆ

ಕಾಸರಗೋಡಿನಂಥ ಪೇಟೆಯನ್ನು ರಾಜಧಾನಿಗೆ ಹೋಲಿಸುವಾಗ ಚರಿತ್ರೆಯನ್ನೂ ಇಟ್ಟುಕೊಳ್ಳಬೇಕು. ತಿರುವಾಂಕೂರಿನ ಅರಸರು ಹದಿನೆಂಟನೆಯ ಶತಮಾನದ ಕೊನೆಯಿಂದ ಅಲ್ಲಿ ಕೂತು ಆಳಿದರು. ಸಾರ್ವಜನಿಕ ಗ್ರಂಥಾಲಯ 1829ರದ್ದು, ಮೃಗಾಲಯ 1857ರದ್ದು, ಸೆಕ್ರೆಟರಿಯೇಟ್ ಕಟ್ಟಡ 1869ರದ್ದು, ನೇಪಿಯರ್ ಮ್ಯೂಸಿಯಂ 1880ರದ್ದು. ಆಗ ನಾವು ಮದರಾಸಿನ ಕೈಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ಮೂಲೆ. ಬಂದ ತೆರಿಗೆ ಮಂಗಳೂರಿಗೆ, ಅಲ್ಲಿಂದ ಮದರಾಸಿಗೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೂ ಕಣ್ಣೂರು ಜಿಲ್ಲೆಯ ಬಾಲವಾಗಿಯೇ ಇದ್ದೆವು. ಜಿಲ್ಲೆ ಆದದ್ದು 1984ರ ಮೇ 24ರಂದು.

ಅಂದರೆ ಅವರು ನೂರೈವತ್ತು ವರ್ಷ ಮೊದಲೇ ಓಟ ಶುರು ಮಾಡಿದವರು. ಇದನ್ನು ಹೇಳುವುದು ಸಮಾಧಾನಪಟ್ಟುಕೊಳ್ಳುವುದಕ್ಕಲ್ಲ. ರಾಜಧಾನಿಯ ಸೌಕರ್ಯಗಳು ತಾನಾಗಿ ಮೊಳೆತವಲ್ಲ, ಯಾರೋ ಹಣ ಇಟ್ಟು ಕಟ್ಟಿದ್ದು. ನಮಗೂ ಯಾರಾದರೂ ಹಣ ಇಡಬೇಕು, ನಾವು ಇಡಿಸಬೇಕು.

ಉಪ್ಪಳ ಟೀಚರ್

ಒಂದು ಸಂಬಂಧವನ್ನು ಯಾರೂ ಹೇಳಲಿಲ್ಲ. ಕುಂಬಳೆ ಹತ್ತಿರದ ಅನಂತಪುರದ ಸರೋವರ ಕ್ಷೇತ್ರ ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಎಂಬ ನಂಬಿಕೆ ಇದೆ. ಬಬಿಯಾ ಮೊಸಳೆ ಇದ್ದದ್ದು ಇಲ್ಲೇ. 2022ರಲ್ಲಿ ಅದು ಸತ್ತಾಗ ರಾಜಧಾನಿಯ ಪತ್ರಿಕೆಗಳೂ ಬರೆದವು. ಪದ್ಮನಾಭಸ್ವಾಮಿ ದೇವಸ್ಥಾನದ ಅರ್ಚಕರಾದ ನಂಬಿಗಳೂ ಪರಂಪರೆಯಿಂದ ಚಂದ್ರಗಿರಿ ಹೊಳೆಯ ಆಸುಪಾಸಿನ ಮನೆತನಗಳವರು. ಆದ್ದರಿಂದ ಅದು ‘ಬೇರೆಯೇ ಲೋಕ’ ಎಂಬ ಮಾತು ಪೂರ್ತಿ ಸರಿಯಲ್ಲ. ನಾನು ಅಲ್ಲಿ ‘ಸದ್ಯ’ ಎಂಬ ಬಾಳೆಎಲೆ ಊಟ ಉಂಡೆ. ಕೊನೆಗೆ ಎಲೆಗೆ ಹಳದಿ ಬೋಳಿ ಹಾಕಿ ಮೇಲೆ ಹಾಲು ಪಾಯಸ ಸುರಿದರು. ನಮ್ಮ ಹೋಳಿಗೆಯೇ, ತುಪ್ಪದ ಬದಲು ಪಾಯಸ. ತುಂಬಾ ರುಚಿ.

ಇನ್ನು ಬೋರ್ಡಿನ ವಿಷಯ. ನಮ್ಮವರಲ್ಲಿ ಅನೇಕರಿಗೆ ತಮ್ಮ ಹಕ್ಕು ಏನೆಂದೇ ಗೊತ್ತಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದಿದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಲಭ್ಯ ಕೊಡಬೇಕು ಎನ್ನುತ್ತದೆ. ನಮ್ಮ ಶಾಲೆಯ ಮಕ್ಕಳು ಕನ್ನಡದ ಜೊತೆ ಮಲಯಾಳವನ್ನೂ ಕಲಿಯುತ್ತಾರೆ. ಕಲಿಯಲಿ, ಬಾಳುವ ನೆಲದ ಭಾಷೆ ಬೇಕು. ಆದರೆ ಅರುವತ್ತು ದಾಟಿದವರಿಗೆ ಇನ್ನು ಯಾರು ಕಲಿಸುತ್ತಾರೆ? ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ರೇಷನ್ ಅಂಗಡಿಯ ಸೂಚನೆ, ಈ ಮೂರಾದರೂ ಕನ್ನಡದಲ್ಲಿ ಬೇಕೇ ಬೇಕು.

ನಾನು ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿಯಲ್ಲಿ ‘ಇದನ್ನು ಮಲಯಾಳಕ್ಕೆ ಮಾಡಿ ತನ್ನಿ’ ಎಂದು ಹಿಂದಿರುಗಿಸಿದರು. ಕಾಯ್ದೆಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ತೆಗೆದುಕೊಂಡರು.

ತಾಳವಾಡಿ ಬೆಟ್ಟ

ಈರೋಡ್ ಜಿಲ್ಲೆಯಿಂದ ಬರೆಯುತ್ತಿದ್ದೇನೆ, ತಮಿಳುನಾಡು. ನಿಮ್ಮ ಮಾತು ಓದುತ್ತಾ ನಮ್ಮದೇ ಕಥೆ ಅನ್ನಿಸಿತು. ನಮ್ಮ ಮನೆಯಿಂದ ಚಾಮರಾಜನಗರಕ್ಕೆ ಗಂಟೆಯೊಳಗೆ ಹೋಗಿಬಿಡಬಹುದು. ನಮ್ಮ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ಹುಲಿ ಕಾಡು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ಹಾದು ಹೋಗಬೇಕು. ರಾತ್ರಿ ಆ ಘಾಟಿಯಲ್ಲಿ ಸಂಚಾರ ನಿರ್ಬಂಧ. ಎಲೆಕೋಸು, ಆಲೂಗಡ್ಡೆ ತುಂಬಿದ ಗಾಡಿಗೆ ಹೊತ್ತು ತಪ್ಪಿದರೆ ಬೆಳಗಾಗುವವರೆಗೆ ಕಾಯಬೇಕು.

ನನಗೆ ಈರೋಡಿನಲ್ಲಿ ಹಿಡಿಸಿದ್ದು ಅರಿಶಿನದ ಮಾರುಕಟ್ಟೆ. ಮಾದರಿಯನ್ನು ಮುಂದಿಟ್ಟು, ಕೊಂಬು ಮುರಿದು ಒಳಗಿನ ಬಣ್ಣ ನೋಡಿ ದರ ಕೂಗುತ್ತಾರೆ. ರೈತ ಅಲ್ಲೇ ನಿಂತಿರುತ್ತಾನೆ. ಚಾಮರಾಜನಗರದಲ್ಲಿ ಮಾತು ಸುಲಭ, ಈರೋಡಿನಲ್ಲಿ ವ್ಯಾಪಾರ ದೊಡ್ಡದು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ನಮ್ಮ ತಾಲ್ಲೂಕಿನಲ್ಲೇ ಇದೆ ಎಂದರೆ ಚಾಮರಾಜನಗರದವರಿಗೆ ಗೊತ್ತು, ಈರೋಡಿನ ಕಚೇರಿಗಳಲ್ಲಿ ಹೇಳಿದರೆ ಆಶ್ಚರ್ಯಪಡುತ್ತಾರೆ.

ಅಕ್ಕಲಕೋಟೆ ರಸ್ತೆ

ನಮಗೆ ಸೊಲ್ಲಾಪುರ ನಲವತ್ತು ಕಿಲೋಮೀಟರ್. ನೀರ್ಚಾಲಿನವರು ಕಾಸರಗೋಡಿನ ಅಂಗಡಿಯವರ ಬಗ್ಗೆ ಹೇಳಿದ್ದು ಸೊಲ್ಲಾಪುರಕ್ಕೂ ಒಪ್ಪುತ್ತದೆ. ಮರಾಠಿ, ಕನ್ನಡ, ಉರ್ದು, ನೇಕಾರರ ಪೇಟೆಯಲ್ಲಿ ತೆಲುಗು. ಚಾದರ ಕೊಳ್ಳಲು ಹೋದರೆ ಚೌಕಾಸಿ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಸಂಕ್ರಾಂತಿಗೆ ಸಿದ್ಧರಾಮೇಶ್ವರರ ಜಾತ್ರೆಯ ನಂದಿಧ್ವಜದ ಹಿಂದೆ ನಡೆಯುವಾಗ ಯಾವ ರಾಜ್ಯ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಬೀದಿಯಲ್ಲಿ ಇರುವ ಈ ಉದಾರತೆ ಬೋರ್ಡಿಗೆ ಹತ್ತುವುದಿಲ್ಲ. ಮಾತಿನಲ್ಲಿ ನಾಲ್ಕು ಭಾಷೆ, ಬರಹದಲ್ಲಿ ಒಂದೇ. ನಿಮ್ಮಲ್ಲೂ ಹೀಗೆಯೇ ಎಂದು ಕಾಣುತ್ತದೆ.

ಮುಳ್ಳೇರಿಯದಿಂದ ಪಾಳಯಂಗೆ

ನಾನು ತಿರುವನಂತಪುರದಲ್ಲಿ ಓದುತ್ತಿರುವವಳು. ಹಿರಿಯರು ಆಸ್ಪತ್ರೆ, ಬಸ್ಸು ಹೇಳಿದಿರಿ. ನನಗೆ ಇವುಗಳಷ್ಟೇ ಮುಖ್ಯವಾದದ್ದು ಸಂಜೆಯ ಹೊತ್ತು.

ಮುಳ್ಳೇರಿಯಕ್ಕೆ ರಜೆಯಲ್ಲಿ ಬಂದರೆ ಕಾಸರಗೋಡಿನಿಂದ ಕತ್ತಲಾಗುವ ಮೊದಲೇ ಬಸ್ಸು ಹಿಡಿಯುವ ಆತುರ. ಎಂಟು ಗಂಟೆಯ ಮೇಲೆ ಬಸ್ಸು ಸಿಗುವುದು ಕಷ್ಟ. ಇಲ್ಲಿ ಮಾನವೀಯಂ ಬೀದಿಯಲ್ಲಿ ರಾತ್ರಿ ಹಾಡು, ಬೀದಿ ನಾಟಕ, ಗೋಡೆಯ ಮೇಲೆ ಚಿತ್ರ. ಡಿಸೆಂಬರ್‌ನಲ್ಲಿ ಚಿತ್ರೋತ್ಸವ ನಡೆಯುವಾಗ ಊರಿಡೀ ಕೊರಳಲ್ಲಿ ಪಾಸು ಹಾಕಿಕೊಂಡ ಹುಡುಗ ಹುಡುಗಿಯರು ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ಓಡುತ್ತಾರೆ. 1996ರಿಂದ ನಡೆಯುತ್ತಿದೆ. ಗ್ರಂಥಾಲಯದಲ್ಲಿ ಓದಿ ಕತ್ತಲಾದ ಮೇಲೆ ನಡೆದುಕೊಂಡು ಹಾಸ್ಟೆಲ್ಲಿಗೆ ಬರುತ್ತೇನೆ.

ಹಾಗೆಂದು ನಮ್ಮಲ್ಲಿ ಸಂಜೆ ಇಲ್ಲವೆಂದಲ್ಲ. ಯಕ್ಷಗಾನ ಕವಿ ಪಾರ್ತಿ ಸುಬ್ಬ ಹುಟ್ಟಿದ ನೆಲ ನಮ್ಮದು. ಊರಲ್ಲಿ ಆಟ ಇದ್ದ ದಿನ ಅಮ್ಮನ ಜೊತೆ ಬೆಳಗಿನವರೆಗೆ ಚಾಪೆ ಹಾಸಿ ಕೂತು ನೋಡಿದ್ದೇನೆ, ಯಾರೂ ಕೇಳಲಿಲ್ಲ. ಜಾತ್ರೆಯ ರಾತ್ರಿ ಹೆಣ್ಣುಮಕ್ಕಳಿಗೆ ಸಿಗುವ ಧೈರ್ಯ ಉಳಿದ ರಾತ್ರಿಗಳಲ್ಲೂ ಸಿಗಬೇಕು. ಅದಕ್ಕೆ ಬೇಕಾದದ್ದು ದೀಪ ಮತ್ತು ಕೊನೆಯ ಬಸ್ಸು. ಒಂಬತ್ತೂವರೆಗೆ ಮುಳ್ಳೇರಿಯಕ್ಕೆ ಒಂದು ಬಸ್ಸು ಇದ್ದರೆ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಓದುವ ನನ್ನ ತಂಗಿ ಸಂಜೆಯ ಕಾರ್ಯಕ್ರಮಗಳಿಗೆ ನಿಲ್ಲುತ್ತಿದ್ದಳು.

ಪೆರ್ಲ ರೂಟ್ ಕಂಡಕ್ಟರ್

ಬಸ್ಸಿನ ಮಾತು ಬಂದದ್ದರಿಂದ ಬರೆಯುತ್ತೇನೆ. ಖಾಸಗಿ ಬಸ್ಸಿನಲ್ಲಿ ಕೆಲಸ ನನ್ನದು.

ಮೊದಲು ಒಂದೊಂದು ಬಸ್ಸಿಗೆ ಒಂದೊಂದು ಬಣ್ಣ ಇತ್ತು. ವಯಸ್ಸಾದವರು ಬೋರ್ಡು ನೋಡುತ್ತಲೇ ಇರಲಿಲ್ಲ. ದೂರದಿಂದ ಬಣ್ಣ ಕಂಡರೆ ಸಾಕು, ‘ಇದು ಪೆರ್ಲದ್ದು, ಇದು ಮಧೂರಿನದ್ದು’ ಎಂದು ಎದ್ದು ನಿಲ್ಲುತ್ತಿದ್ದರು. 2018ರಲ್ಲಿ ಇಡೀ ಕೇರಳಕ್ಕೆ ಒಂದೇ ನಿಯಮ ಬಂತು: ಸಿಟಿ ಬಸ್ಸಿಗೆ ಹಸಿರು, ಸಾಮಾನ್ಯ ಬಸ್ಸಿಗೆ ನೀಲಿ, ಲಿಮಿಟೆಡ್ ಸ್ಟಾಪಿಗೆ ಕಡುಕೆಂಪು. ಬಸ್ಸುಗಳ ನಡುವಿನ ಪೈಪೋಟಿ ಕಡಿಮೆಯಾಗಲಿ ಎಂಬ ಕಾರಣ ಹೇಳಿದ್ದರು. ಆದರೆ ಅದರೊಂದಿಗೆ ಅಕ್ಷರ ಬಾರದವರ ಗುರುತೂ ಹೋಯಿತು. ಈಗ ನಿಲ್ದಾಣದಲ್ಲಿ ಸಾಲಾಗಿ ನಿಂತ ನೀಲಿ ಬಸ್ಸುಗಳ ಎದುರು ಅಜ್ಜಿಯರು ಪ್ರತಿ ಬಾಗಿಲಿಗೂ ಹೋಗಿ ಕೇಳುತ್ತಾರೆ. ನಾವು ಊರ ಹೆಸರು ಕೂಗುವುದು ಅವರಿಗಾಗಿಯೇ, ಟ್ರಾಫಿಕ್ ಗದ್ದಲದಲ್ಲಿ ಅದೂ ಕೇಳಿಸುವುದಿಲ್ಲ.

ಬೋರ್ಡಿಗೆ ಕನ್ನಡ ಹಾಕಲು ನಮ್ಮ ಮಾಲೀಕರು ಯಾವತ್ತೂ ಬೇಡ ಎಂದವರಲ್ಲ. ಕೆಲವು ಬಸ್ಸುಗಳಲ್ಲಿ ಇದೆ. ಬರೆಯುವವನಿಗೆ ಕನ್ನಡ ಬಾರದಿದ್ದರೆ ‘ಬದಿಯಡ್ಕ’ ಎಂಬುದೇ ತಪ್ಪಾಗಿ ಬರುತ್ತದೆ, ಅಷ್ಟೇ ತೊಂದರೆ. ಸಂಖ್ಯೆ ಇನ್ನೂ ಸುಲಭ. ಆದರೆ ಒಬ್ಬರ ಬಸ್ಸಿಗೆ ಹಾಕಿದರೆ ಪ್ರಯೋಜನವಿಲ್ಲ. ಬದಿಯಡ್ಕ ದಾರಿಗೆ ಒಂದು ಅಂಕಿ, ಮುಳ್ಳೇರಿಯಕ್ಕೆ ಇನ್ನೊಂದು, ಮಧೂರಿಗೆ ಮತ್ತೊಂದು ಎಂದು ಎಲ್ಲರೂ ಒಪ್ಪಿ ಹಾಕಬೇಕು. ಸಾರಿಗೆ ಇಲಾಖೆ ಹೇಳಿದರೆ ವಾರದೊಳಗೆ ಆಗುವ ಕೆಲಸ.

ಮುಳ್ಳೇರಿಯದ ತಂಗಿಯ ಮಾತಿಗೆ: ರಾತ್ರಿಯ ಟ್ರಿಪ್ಪಿಗೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ, ಅದಕ್ಕೇ ಬಿಡುತ್ತಾರೆ. ಆ ಹೊತ್ತಿನಲ್ಲಿ ಓಡಿಸಬೇಕಾದದ್ದು ಸರ್ಕಾರಿ ಬಸ್ಸು.

ಮಂಜೇಶ್ವರ ಪೇಟೆ

ಇದಕ್ಕೆ ಹೆದ್ದಾರಿಯನ್ನೂ ಸೇರಿಸಿ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯವರೆಗೆ ಒಂಟಿ ಕಂಬಗಳ ಮೇಲೆ ಮೇಲ್ಸೇತುವೆ ಎದ್ದಿದೆ, ನೋಡಲು ಭವ್ಯವಾಗಿದೆ, ಉದ್ದ ಪ್ರಯಾಣದವರಿಗೆ ಉಪಕಾರವಾಗಿದೆ. ಊರಿನೊಳಗೆ ಆಚೆಯಿಂದ ಈಚೆಗೆ ನಡೆದು ದಾಟುವವನಿಗೆ ಎಲ್ಲೆಲ್ಲಿ ದಾರಿ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬ ಫಲಕವನ್ನಾದರೂ ಎರಡೂ ಭಾಷೆಯಲ್ಲಿ ಹಾಕಬೇಕು. ಹಳೆ ನಿಲುಗಡೆಯ ಗುರುತಿಗಿದ್ದ ಮರಗಳೆಲ್ಲ ಹೋಗಿವೆ.

ಉಪ್ಪಳ ಟೀಚರ್

ಕಂಡಕ್ಟರ್ ಅಣ್ಣ ಹೇಳಿದ್ದು ಬಹಳ ಉಪಯೋಗದ ವಿಷಯ. ನಾನು ಅರ್ಜಿ ಬರೆಯಲು ಕೂತಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ, ಮಲಯಾಳದ ಪ್ರತಿಯನ್ನೂ ಜೊತೆಗಿಡುತ್ತೇನೆ, ಮಲಯಾಳಿ ನೆರೆಹೊರೆಯವರೂ ಸಹಿ ಹಾಕುವವರಿದ್ದಾರೆ. ಅಂಕಿ ಎಲ್ಲರಿಗೂ ಬೇಕಾದದ್ದು, ಬಂಗಾಳ, ಒಡಿಶಾ ಕಡೆಯಿಂದ ಕೆಲಸಕ್ಕೆ ಬಂದವರಿಗೂ.

ಅರ್ಜಿಯಲ್ಲಿ ನಾಲ್ಕು ಬೇಡಿಕೆ: ದಾರಿಗೊಂದು ಸಂಖ್ಯೆ, ಬೋರ್ಡಿನಲ್ಲಿ ಕನ್ನಡ, ರೈಲು ನಿಲ್ದಾಣದಿಂದ ಎರಡೂ ಬಸ್ ನಿಲ್ದಾಣಗಳಿಗೆ ಸುತ್ತುವ ಒಂದು ಬಸ್ಸು, ಮುಳ್ಳೇರಿಯ ಮತ್ತು ಪೆರ್ಲ ಕಡೆಗೆ ರಾತ್ರಿಯ ಕೊನೆಯ ಸರ್ಕಾರಿ ಬಸ್ಸು. ಎಣ್ಮಕಜೆಯವರು ಹೇಳಿದ ತಜ್ಞ ವೈದ್ಯರ ವಿಷಯಕ್ಕೆ ಬೇರೆಯೇ ಅರ್ಜಿ ಬೇಕು, ಆರೋಗ್ಯ ಇಲಾಖೆಗೆ. ಅದನ್ನು ನೀವೇ ಬರೆಯಿರಿ, ನಿಮ್ಮ ಮಾತಿಗೆ ಇರುವ ಬಲ ನನ್ನದಕ್ಕೆ ಇರುವುದಿಲ್ಲ. ಕಾಯ್ದೆಯ ಪ್ರತಿ ನಾನು ಕಳಿಸುತ್ತೇನೆ.

ಎಣ್ಮಕಜೆ ಗುಡ್ಡೆ

ಬರೆಯುತ್ತೇನೆ ಟೀಚರ್. ಚಿಕ್ಕಮ್ಮನ ಹತ್ತಿರ ಹಳೆಯ ಚಿಕಿತ್ಸೆಯ ಕಾಗದಗಳೆಲ್ಲ ಇವೆ, ಅವುಗಳನ್ನು ನೋಡಿಯೇ ಬರೆಯಬೇಕು. ನಿಮ್ಮ ಅರ್ಜಿಗೂ ನಮ್ಮ ವಾರ್ಡಿನಿಂದ ಸಹಿ ಮಾಡಿಸಿ ಕಳಿಸುತ್ತೇನೆ.

ಪೆರ್ಲ ರೂಟ್ ಕಂಡಕ್ಟರ್

ದಾರಿಗಳ ಪಟ್ಟಿ ನಾನು ಕೊಡುತ್ತೇನೆ, ಯಾವ ಬಸ್ಸು ಯಾವ ಊರು ಮುಟ್ಟಿ ಹೋಗುತ್ತದೆ ಎಂಬುದರ ಸಮೇತ. ಒಂದು ಮಾತು: ಪುತ್ತೂರಿಗೆ ಹೋಗುವ ಬಸ್ಸುಗಳಿಗೂ ಅದೇ ಸಂಖ್ಯೆ ಬೇಕೆಂದು ಸೇರಿಸಿ. ಅಡ್ಕಸ್ಥಳದಲ್ಲಿ ಗಡಿ ದಾಟಿದ ಮೇಲೆ ಬೋರ್ಡು ಬದಲಾದರೆ ಮತ್ತೆ ಗೊಂದಲ.